ಸಂಗಯ್ಯಜ್ಜನ ಕಿವಿಗೆ ಆಂಪ್ಲಿಫೈರ್ ತಂದ ದುಂಡಪ್ಪ

ಶಿವನ ಹೆಸರು ತಗೊಂಡು ಬಾಯಿ ತೆರೀತೇನೆ. ನಗು ಬಂದರೆ ಹೊಟ್ಟೆ ತುಂಬ ನಕ್ಕುಬಿಡಿ. ಆದರೆ ನಕ್ಕಾದ ಮೇಲೆ ಈ ದುಂಡಪ್ಪನಿಗೆ ಒಳ್ಳೇದಾಗಲಿ ಅಂತ ಮನಸಿನಲ್ಲಿ ಒಂದು ಮಾತು ಅಂದುಕೊಳ್ಳಿ. ಅಷ್ಟು ಮಾಡಿದರೆ ಈ ಕತೆ ಹೇಳಿದ್ದಕ್ಕೆ ನನಗೂ ಪುಣ್ಯ, ಕೇಳಿದ್ದಕ್ಕೆ ನಿಮಗೂ ಪುಣ್ಯ.

ಹೊಳೆ ದಂಡೆಯ ಮೇಲೊಂದು ನೇಕಾರರ ಊರು. ಆ ಊರಿನ ಓಣಿಯಲ್ಲಿ ಬೆಳಗಾದರೆ ಖಟ್ ಖಟ್ ಖಟ್ ಅಂತ ಕರೆಂಟಿನ ಮಗ್ಗಗಳು ಸುರುವಾಗುತ್ತವೆ. ಅಮಾಸಿ ಒಂದು ದಿನ ಬಿಟ್ಟರೆ ಆ ಸಪ್ಪಳಕ್ಕೆ ಬಿಡುವಿಲ್ಲ. ಆ ಓಣಿಯಲ್ಲಿ ಕಾಶವ್ವ ಅನ್ನುವ ತಾಯಿ. ಆಕೆಗೆ ಒಬ್ಬನೇ ಮಗ, ದುಂಡಪ್ಪ. ವಯಸ್ಸು ಇಪ್ಪತ್ತೈದು ದಾಟಿದೆ, ಮೀಸೆ ಬಂದಿದೆ, ಬುದ್ಧಿ ಮಾತ್ರ ಎಲ್ಲೋ ಹಿಂದೆ ಉಳಿದಿದೆ. ಹೇಳಿದ್ದನ್ನು ಹೇಳಿದಂತೆ ಮಾಡುವವ. ಒಂದು ಎಳೆ ಆಚೆಗಿಲ್ಲ, ಒಂದು ಎಳೆ ಈಚೆಗಿಲ್ಲ. "ಬಾಗಲಾ ನೋಡಿಕೊಂಡಿರು" ಅಂದರೆ ಬಾಗಿಲನ್ನೇ ನೋಡುತ್ತ ಕೂತುಬಿಡುತ್ತಿದ್ದ, ಹಿತ್ತಲಿಂದ ಎಮ್ಮೆ ಒಳಗೆ ಬಂದರೂ ತಿರುಗುತ್ತಿರಲಿಲ್ಲ.

ಆದರೆ ಶಿವ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ದುಂಡಪ್ಪನಿಗೆ ಅವನು ಕಿವಿ ಕೊಟ್ಟಿದ್ದ. ಎಂಥ ಕಿವಿ! ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ "ಅಣ್ಣಾ, ಮೂಲ್ಯಾನ ಮಗ್ಗದಾಗ ಎಳಿ ಹರೀತ ನೋಡ್ರಿ" ಅನ್ನುತ್ತಿದ್ದ. ಹೋಗಿ ನೋಡಿದರೆ ಹರಿದಿರುತ್ತಿತ್ತು!

ಅದೇ ಓಣಿಯಲ್ಲಿ ಸಂಗಯ್ಯಜ್ಜ. ಅರವತ್ತು ವರ್ಷ ಭಜನೆ ಹಾಡಿದ ಕಂಠ. ಈಗ ಎಂಬತ್ತು ದಾಟಿ ಅಜ್ಜನ ಕಿವಿ ಮಂದವಾಗುತ್ತ ಬಂದಿದ್ದವು. ಡಾಕ್ಟರು ನೋಡಿ ಹೇಳಿದರು: "ಅಜ್ಜಾರ, ಇವು ದಿನಾ ಮಂದ ಆಗಾಕತ್ತಾವ. ಏನರ ಕೇಳಬೇಕಂತ ಆಸೆ ಇದ್ರ ಈ ತಿಂಗಳದಾಗ ಕೇಳಿಬಿಡ್ರಿ."

ಅಜ್ಜ ಭಜನಾ ಮಂಡಳಿಯವರಿಗೆ ಹೇಳಿದ: "ಅರವತ್ತು ವರ್ಷ ಹಾಡೀನಿ. ಹೊರಗ ಕುಂತವರಿಗೆ ಅದು ಹೆಂಗ ಕೇಳತೈತಿ ಅಂತ ನನಗ ಗೊತ್ತಿಲ್ಲ. ಒಮ್ಮೆ ಕೇಳಬೇಕ್ರಪಾ. ಕೇಳಿದ ಮ್ಯಾಲೆ ಕಿವಿ ಹೋದ್ರೂ ಹೋಗಲಿ."

ಹಿಂದಿನ ಅಮಾಸಿಗೆ ಮಗ್ಗ ನಿಂತಾಗ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ಮೋನಪ್ಪ ಮಾಸ್ತರರು ಅಜ್ಜನ ಹಾಡು ಬೇರೆ, ಹಾರ್ಮೋನಿಯಂ ಬೇರೆ, ತಬಲಾ ಬೇರೆ, ತಾಳ ಬೇರೆ ಅಂತ ರೆಕಾರ್ಡ್ ಮಾಡಿಟ್ಟಿದ್ದರು. ಅವನ್ನೆಲ್ಲ ಕೂಡಿಸಿ ಒಂದು ಮಾಡಬೇಕು, ಮಿಕ್ಸಿಂಗ್ ಅನ್ನುತ್ತಾರಲ್ಲ, ಅದು. ಮಾಸ್ತರರ ಹತ್ತಿರ ಒಂದು ದೊಡ್ಡ ಹೆಡ್‌ಫೋನೂ ಇತ್ತು. ಆದರೆ ಅದು ಮೊಬೈಲಿಗೆ ಹಚ್ಚಿದರೆ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು. ನಡುವೆ ಶಬ್ದಕ್ಕೆ ಬಲ ಕೊಡುವ ಒಂದು ಸಣ್ಣ ಆಂಪ್ಲಿಫೈರ್ ಬೇಕು. ಅಜ್ಜ ಕೇಳುವುದಕ್ಕೂ ಅದೇ ಆಗಬೇಕು, ಮಿಕ್ಸಿಂಗಿಗೂ ಅದೇ ಆಗಬೇಕು.

"ಕಾಶವ್ವಾ, ನಿನ್ನ ಮಗನ್ನ ಕಳಸವಾ" ಅಂದರು ಮಾಸ್ತರರು. "ಕೇಳಿ ಆರಿಸೂ ಕೆಲಸ. ಈ ಊರಾಗ ಅವನಂಥಾ ಕಿವಿ ಇನ್ನೊಂದಿಲ್ಲ."

ಕಾಶವ್ವನ ಎದೆ ಹಿಗ್ಗಿತು. ಹಿಂದೆಯೇ ಧಸಕ್ಕೆಂದಿತು. ಮಗನನ್ನು ಕರೆದು ತಲೆ ಸವರಿ ಹೇಳಿದಳು: "ದುಂಡ್ಯಾ, ಅಜ್ಜ ಕೈಯಾಗ ಹಿಡಕೊಂಡು ಅಡ್ಡಾಡೂವಂಥಾದ್ದು ಬೇಕು. ಸಣ್ಣದಿರಲಿ. ಅಂಗಿ ಕಿಸೆದಾಗ ಕೂಡಬೇಕ ನೋಡ, ಅಂಥಾದ್ದು ತಗೊಂಡ ಬಾ."

"ಹೂಂ ಯವ್ವಾ" ಅಂದ ದುಂಡಪ್ಪ. ಬಸ್ಸು ಹತ್ತಿದ. ಪ್ಯಾಟಿ ಮುಟ್ಟಿದ.

ಪ್ಯಾಟಿಯಲ್ಲಿ ಬಾಬುರಾಯರ ಅಂಗಡಿ. ರಾಯರು ಒಳ್ಳೆಯ ಮನುಷ್ಯರು. ಬ್ಯಾಟರಿಯ ಮೇಲೆ ನಡೆಯುವ ಒಂದು ಚೊಕ್ಕ ಆಂಪ್ಲಿಫೈರ್ ತೆಗೆದು ಮುಂದಿಟ್ಟರು. "ಇದ ನೋಡ್ರಿ, ಕೇಳಾಕೂ ಚೊಲೊ, ಮಿಕ್ಸಿಂಗಿಗೂ ಚೊಲೊ."

ದುಂಡಪ್ಪ ಅದನ್ನು ಕಿಸೆಗೆ ಹಾಕಿದ. ಅದು ಒಂದು ಬೆರಳಿನಷ್ಟು ಹೊರಗೆ ಉಳಿಯಿತು.

"ಬ್ಯಾಡ್ರಿ."

"ಯಾಕೋ?"

"ಕೂಡವಲ್ದು."

ಇನ್ನೊಂದು ಕೊಟ್ಟರು. ಅದೂ ಉಳಿಯಿತು. ಮತ್ತೊಂದು ಕೊಟ್ಟರು. ಅದೂ ಉಳಿಯಿತು. ರಾಯರಿಗೆ ಬೇಸರಾಗಿ, ಹೆಡ್‌ಫೋನ್ ವೈರಿಗೆ ಹಚ್ಚುವ ಬೆರಳುದ್ದದ ಪಿನ್ನೊಂದನ್ನು ಎತ್ತಿ, "ಹಂಗಾರ ಇದ ಕೂಡತೈತಿ ನೋಡಪಾ!" ಅಂದರು.

ಕೂತಿತು! ದುಂಡಪ್ಪ ಅದನ್ನೇ ತಂದ.

ಕಾಶವ್ವ ಹಣೆ ಬಡಿದುಕೊಂಡಳು. "ಶಿವನೇ! ಎರಡು ಕಿವಿ ಕೊಟ್ಟಿ, ನಡುವಿನ ಜಾಗಾ ಯಾಕ ಖಾಲಿ ಬಿಟ್ಟಿ? ಲೇ, ಕಿಸೆ ನೋಡಿ ತರತಾರೇನೋ? ಕಿವಿಲೆ ಕೇಳಿ ತರಬೇಕು! ಅಜ್ಜನ ಹಾಡು ಹಚ್ಚು, ಹೆಡ್‌ಫೋನ್ ಹಾಕ್ಕೊ, ಹಾಡು ಮುಗಿಯೂತನಕ ಕೇಳು. ಮುಗಿದ ಮ್ಯಾಲೆ ಚೊಲೊ ಅನಿಸಿದ್ರ ತಗೊ."

"ಮೊದಲ ಹೇಳಬೇಕಿಲ್ಲೇನವಾ? ಇನ್ಮ್ಯಾಲೆ ಹಂಗ ಮಾಡತೀನಿ."

ಮರುದಿನ ಮಾಸ್ತರರ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡ. ಬಸ್ಸು ಹತ್ತಿದ. ಪ್ಯಾಟಿ ಮುಟ್ಟಿದ. ಆಂಪ್ಲಿಫೈರಿಗೆ ಹೆಡ್‌ಫೋನ್ ಹಚ್ಚಿದ, ಮೊಬೈಲಿನಲ್ಲಿ ಅಜ್ಜನ ಹಾಡು ಒತ್ತಿದ.

ಅವನು ಒತ್ತಿದ್ದು ಯಾವ ಹಾಡು? ಶ್ರಾವಣದ ಸಪ್ತಾಹದ್ದು! ಸಪ್ತಾಹದ ನೇಮ ನಿಮಗೆ ಗೊತ್ತೇ ಇದೆ. ಏಳು ದಿನ ತಾಳ ನೆಲಕ್ಕೆ ಇಡುವಂತಿಲ್ಲ. ಒಬ್ಬರ ಕೈ ಸೋತರೆ ಇನ್ನೊಬ್ಬರು ಹಿಡಿಯಬೇಕು, ಹಾಡು ಮಾತ್ರ ಕಡಿಯಬಾರದು. ಅದನ್ನು ಯಾರೋ ಭಕ್ತರು ಮುಂಜಾನೆಯಿಂದ ಸಂಜೆಯ ತನಕ ರೆಕಾರ್ಡ್ ಮಾಡಿದ್ದರು.

ದುಂಡಪ್ಪ ಕಣ್ಣು ಮುಚ್ಚಿ ಕೂತ. ಒಂದು ತಾಸಾಯಿತು. ಎರಡು ತಾಸಾಯಿತು. ರಾಯರು ಊಟ ಮಾಡಿ ಬಂದರು.

"ಹೆಂಗೈತೋ?"

"ಇನ್ನಾ ಮುಗಿದಿಲ್ರಿ."

ಗಿರಾಕಿ ಬಂದರು, ಹೋದರು. ಹೊತ್ತು ಇಳಿಯಿತು.

"ತಮ್ಮಾ, ಏನಂತಿ?"

"ಇನ್ನಾ ಮುಗಿದಿಲ್ರಿ."

"ಅಂಗಡಿ ಮುಚ್ಚಬೇಕೋ ಮಾರಾಯಾ!"

"ಮುಚ್ಚರಿ. ನಾ ಒಳಗ ಕುಂದರತೀನಿ."

ರಾಯರು ಕೈ ಮುಗಿದರು. ಹೆಡ್‌ಫೋನ್ ತೆಗೆದು ಅವನ ಕೊರಳಿಗೇ ಹಾಕಿ, ಕೊನೇ ಬಸ್ಸಿಗೆ ಕೂರಿಸಿ ಬಂದರು. ದುಂಡಪ್ಪ ಬರಿಗೈಯಲ್ಲಿ ಮನೆಗೆ ಬಂದ.

"ಶಿವನೇ! ಎರಡು ಕಿವಿ ಕೊಟ್ಟಿ, ನಡುವಿನ ಜಾಗಾ ಯಾಕ ಖಾಲಿ ಬಿಟ್ಟಿ?" ಕಾಶವ್ವ ಮಗನನ್ನು ಎಳೆದುಕೊಂಡು ಮಾಸ್ತರರ ಮುಂದೆ ನಿಲ್ಲಿಸಿದಳು. "ನೀವ ಹೇಳ್ರಿ ಇವಗ. ನನ್ನ ಬಾಯಿ ಸೋತೈತಿ. ದಿನಾ ಹೋದಂಗ ಅಜ್ಜನ ಕಿವೀನೂ ಹೊಂಟಾವು."

ಮಾಸ್ತರರು ತಾಳ್ಮೆಯವರು. "ದುಂಡಪ್ಪಾ, ಹಾಡು ಹಚ್ಚಬ್ಯಾಡಪಾ. ಸುಮ್ಮನ ಹೆಡ್‌ಫೋನ್ ಹಾಕ್ಕೊಂಡು ಶಬ್ದ ಏರಿಸೂ ತಿರುಗುಣಿ ಪೂರಾ ತಿರುವು. ಕೆಟ್ಟ ಮಷೀನು ಇದ್ರ ಒಳಗ ಸುಸ್ ಅಂತ ಹಾವಿನಂಗ ಸಪ್ಪಳಾ ಬರತೈತಿ. ಏನೂ ಕೇಳಸಲಿಲ್ಲಾ ಅಂದ್ರ ಅದು ಭಾಳ ಚೊಲೊ ಮಷೀನು. ತಿಳೀತಿಲ್ಲೋ?"

"ತಿಳೀತ್ರಿ. ಏನೂ ಕೇಳಸಬಾರದು."

ಬಸ್ಸು ಹತ್ತಿದ. ಪ್ಯಾಟಿ ಮುಟ್ಟಿದ. ಒಂದಕ್ಕೆ ಹಚ್ಚಿ ಕೇಳಿದ. ಯಾರಿಗೂ ಕೇಳದ ಸಪ್ಪಳ ಅವನ ಕಿವಿಗೆ ಕೇಳಿತು. "ಸುಸ್ ಅಂತೈತ್ರಿ, ಬ್ಯಾಡ." ಇನ್ನೊಂದಕ್ಕೆ ಹಚ್ಚಿದ. "ಇದೂ ಅಂತೈತ್ರಿ, ಸಣ್ಣಗ." ಗಾಜಿನ ಕಪಾಟಿನ ಮೇಲೆ ಒಂದು ಇತ್ತು, ಥಳಥಳ ಹೊಳೆಯುವಂಥದ್ದು. ಅದಕ್ಕೆ ಹಚ್ಚಿದ. ತಿರುವಿದ. ಮತ್ತೆ ತಿರುವಿದ. ಮಠದ ಗವಿಯಲ್ಲಿ ಕೂತಂತೆ ಶಾಂತ!

"ಇದ ಬೇಕ್ರಿ!"

"ಅದು ತೋರಸಾಕ ಇಟ್ಟ ಖಾಲಿ ಡಬ್ಬಿ! ಒಳಗ ಏನೂ ಇಲ್ಲೋ!"

"ಏನೂ ಇಲ್ಲದ್ದ ಬೇಕ್ರಿ. ಮಾಸ್ತರ ಹೇಳ್ಯಾರ."

ರಾಯರು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ, "ಒಯ್ಯಪಾ ಪುಣ್ಯಾತ್ಮಾ, ಹಂಗ ಒಯ್ಯಿ" ಅಂದರು.

ಮಾಸ್ತರರು ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು. ಕಾಶವ್ವ ಮಾಸ್ತರರ ಮುಖ ನೋಡಿದಳು.

"ಲೇ, ಇದು ಸತ್ತದ್ದು!" ಅಂದಳು ಕಾಶವ್ವ. "ಜೀವ ಇದ್ದದ್ದು ತರಬೇಕೋ ಹುಚ್ಚಾ! ಒಳಗ ದೀಪ ಹತ್ತಬೇಕು. ಕಿವಿಗೆ ಹಾಕ್ಕೊಂಡ್ರ ಶಬ್ದ ಎದಿಗೆ ಬಡೀಬೇಕು!"

"ಮೊದಲ ಹೇಳಬೇಕಿಲ್ಲೇನವಾ? ಇನ್ಮ್ಯಾಲೆ ಹಂಗ ಮಾಡತೀನಿ."

ಬಸ್ಸು ಹತ್ತಿದ. ಪ್ಯಾಟಿ ಮುಟ್ಟಿದ. "ದೀಪ ಹತ್ತಬೇಕ್ರಿ, ಎದಿಗೆ ಬಡೀಬೇಕ್ರಿ" ಅಂದ. ರಾಯರು ಊಟಕ್ಕೆ ಹೋಗಿದ್ದರು. ಅಂಗಡಿಯಲ್ಲಿದ್ದ ಅವರ ಭಾವಮೈದುನ ಕೇಳಿದ್ದನ್ನು ಕೇಳಿದಂತೆ ಕೊಟ್ಟ. ಕೆಂಪು, ಹಸಿರು, ನೀಲಿ, ಏಳು ಬಣ್ಣದ ದೀಪ ಕುಣಿಯುವಂಥದ್ದು. ಮನೆಗೆ ತಂದು ಅಜ್ಜನ ಹಾಡು ಹಚ್ಚಿದರೆ, ಢಂ! ಢಂ! ಢಂ! ತಬಲಾ ಡೊಳ್ಳಾಯಿತು. ತಾಳ ಸಿಡಿಲಾಯಿತು. ಅಜ್ಜನ ಕಂಠ ಮಾತ್ರ ಗದ್ದಲದಲ್ಲಿ ತಪ್ಪಿಸಿಕೊಂಡ ಮುದುಕನ ಹಾಗೆ ಎಲ್ಲೋ ದೂರ "ಶಿವಾ, ಶಿವಾ" ಅನ್ನುತ್ತಿತ್ತು.

ಮೋನಪ್ಪ ಮಾಸ್ತರರಂಥ ಮಾಸ್ತರರೂ ಕೂಗಿಬಿಟ್ಟರು. "ದುಂಡ್ಯಾ! ಇದು ಮೆರವಣಿಗಿಗೆ ಹಚ್ಚೂದಪಾ! ಚೊಲೊ ಮಷೀನು ಅಂದ್ರ ಸಾಧು ಇದ್ದಂಗ. ಹಾಡಿದವರದು ಏನೈತಿ ಅದನ್ನಷ್ಟ ಮುಟ್ಟಸಬೇಕು. ತನ್ನದು ಏನೂ ಸೇರಸಬಾರದು, ಅವರದು ಏನೂ ತೆಗೀಬಾರದು. ಇದನ್ನಷ್ಟ ನೆನಪಿಟಗೊ."

ದುಂಡಪ್ಪ ದಾರಿಯುದ್ದಕ್ಕೂ ಮಂತ್ರದಂತೆ ಅಂದುಕೊಂಡು ಹೋದ: "ತನ್ನದು ಸೇರಸಬಾರದು, ಅವರದು ತೆಗೀಬಾರದು. ತನ್ನದು ಸೇರಸಬಾರದು, ಅವರದು ತೆಗೀಬಾರದು." ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ ಅವನು ಯಾವುದೋ ವ್ರತ ಹಿಡಿದಿದ್ದಾನೆ ಅಂದುಕೊಂಡು ಕೈ ಮುಗಿದಳು.

ಬಾಬುರಾಯರು ಅದನ್ನು ಕೇಳಿದರು. ಅವರ ಮುಖ ಅರಳಿತು. "ಅಬ್ಬಾ, ಇವತ್ತ ಸರಿ ಮಾತು ತಂದಿ!" ಅಂದವರೇ ಮೂರು ಆಂಪ್ಲಿಫೈರ್ ಮುಂದಿಟ್ಟರು. ಒಂದೇ ಹಾಡು, ಒಂದೇ ಜೋರಿಗೆ ಇಟ್ಟು ಮೂರನ್ನೂ ಕೇಳಿಸಿದರು. ದುಂಡಪ್ಪ ಮೊದಲನೆಯದನ್ನು ಕೇಳಿ "ಇದು ತಬಲಾ ಉಬ್ಬಸತೈತಿ" ಅಂದ. ಎರಡನೆಯದನ್ನು ಕೇಳಿ "ಇದು ಅಜ್ಜನ ಉಸುರು ನುಂಗತೈತಿ" ಅಂದ. ಮೂರನೆಯದನ್ನು ಕೇಳಿ ಎದೆಗವಚಿಕೊಂಡ. ಕಣ್ಣಲ್ಲಿ ನೀರು ಬಂತು. ಅದು ಮೊದಲನೇ ದಿನ ಕಿಸೆಯಿಂದ ಒಂದು ಬೆರಳಿನಷ್ಟು ಹೊರಗುಳಿದಿತ್ತಲ್ಲ, ಅದೇ!

ಕಾಶವ್ವ ಅದನ್ನು ದೇವರ ಮುಂದೆ ಇಟ್ಟು ವಿಭೂತಿ ಹಚ್ಚಿದಳು. "ಈಗ ಮಿಕ್ಸಿಂಗೂ ನೀನ ಮಾಡೋ, ನಿನ್ನ ಕಿವೀನ ಬೇಕು" ಅಂದರು ಮಾಸ್ತರರು. ಕಂಪ್ಯೂಟರಿನಲ್ಲಿ ಯಾವುದನ್ನು ಏರಿಸುವುದು, ಯಾವುದನ್ನು ಇಳಿಸುವುದು, ಯಾವುದನ್ನು ಕತ್ತರಿಸುವುದು ಎಲ್ಲ ತೋರಿಸಿ ಮೂರು ದಿನ ಕೊಟ್ಟರು.

ಮೂರು ದಿನ ಕಳೆದು ಮಾಸ್ತರರು ಹೆಡ್‌ಫೋನ್ ಹಾಕಿ ಕೇಳಿದರು. ಮೊದಲಿಗೆ ಹಾರ್ಮೋನಿಯಂ. ಆಹಾ! ಹಿಂದೆಯೇ ಅಜ್ಜನ ಕೆಮ್ಮು, ಖೊಳ್ ಖೊಳ್, ದೊಡ್ಡದಾಗಿ, ಸ್ಪಷ್ಟವಾಗಿ! ಆಮೇಲೆ ಒಂದು ನುಡಿ. ಆಮೇಲೆ ಮಾಸ್ತರರದ್ದೇ ಸೀನು. ಆಮೇಲೆ ತಾಳ. ನಡುವೆ ಕಾಶವ್ವನ ದನಿ, "ಯಾರರ ನೋಡ್ರೇ, ಬೆಕ್ಕು ಹಾಲಿಗೆ ಬಾಯಿ ಹಾಕೇತಿ!"

"ದುಂಡ್ಯಾ, ಇದೇನೋ?"

"ಅವರದು ಏನೂ ತೆಗೀಬಾರದು ಅಂದ್ರಲ್ರಿ. ಬೆಕ್ಕಿನ ದನಿ ಸಣ್ಣದಿತ್ತು. ಪಾಪ, ಅದನ್ನೂ ಒಂಚೂರು ಏರಿಸೀನ್ರಿ."

"ಅದು ಮಷೀನಿಗೆ ಹೇಳಿದ್ದೋ! ಮಿಕ್ಸಿಂಗಿಗಲ್ಲ! ಅಜ್ಜನ ಕಂಠಕ್ಕ ಅಡ್ಡ ಬರೂದನ್ನೆಲ್ಲಾ ತೆಗಿ. ಏನ ಅಡ್ಡ ಬಂದ್ರೂ ತೆಗಿ, ಯಾರನ್ನೂ ಕೇಳಬ್ಯಾಡ!"

"ಮೊದಲ ಹೇಳಬೇಕಿಲ್ಲೇನ್ರಿ? ಇನ್ಮ್ಯಾಲೆ ಹಂಗ ಮಾಡತೀನ್ರಿ."

ಹಂಗೇ ಮಾಡಿದ. ಈ ಸಲ ಮಾಸ್ತರರು ಕೊನೆಯ ತನಕ ಕೇಳಿದರು. ಹೆಡ್‌ಫೋನ್ ತೆಗೆದು ಅದಕ್ಕೆ ನಮಸ್ಕಾರ ಮಾಡಿ ಕೆಳಗಿಟ್ಟರು. ಶಿವನ ಕೃಪೆ ಯಾವ ಗಡಿಗೆಯಲ್ಲಿ ತುಂಬಿರುತ್ತದೋ ಹೊರಗಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ ನೋಡಿ.

ಆದರೆ ಅಷ್ಟರಲ್ಲಿ ತಿಂಗಳು ಮುಗಿಯುತ್ತ ಬಂದಿತ್ತು. ಅಜ್ಜನಿಗೆ ಈಗ ಎದುರು ನಿಂತು ಕೂಗಿದರೂ ಅರ್ಧ ಮಾತು ಮುಟ್ಟುತ್ತಿತ್ತು, ಅರ್ಧ ಮಾತು ದಾರಿಯಲ್ಲೇ ಉಳಿಯುತ್ತಿತ್ತು. ಮಗ್ಗ ನಿಲ್ಲುವ ಅಮಾಸಿಗೆ ಇನ್ನೂ ಆರು ದಿನ.

"ಅಮಾಸಿ ತನಕ ಕಾಯೂದು ಬ್ಯಾಡ್ರಿ" ಅಂದಳು ಕಾಶವ್ವ. "ಇವತ್ತ ಕೇಳಸಿಬಿಡೂಣು. ನಾಳೆ ಏನೋ ಯಾರಿಗೆ ಗೊತ್ತು."

ಮಧ್ಯಾಹ್ನ ಕಾಶವ್ವನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಅಜ್ಜನನ್ನು ಕೂರಿಸಿದರು. ಕಿವಿಗೆ ಹೆಡ್‌ಫೋನ್. ದುಂಡಪ್ಪನ ಕೈಯಲ್ಲಿ ಮೊಬೈಲೂ ಆಂಪ್ಲಿಫೈರೂ. ಹಾಡು ಸುರುವಾಯಿತು. ಅಜ್ಜ ತಲೆ ಓರೆ ಮಾಡಿದ. ಹುಬ್ಬು ಗಂಟಿಕ್ಕಿದ.

"ಬಡಬಡ ಅನ್ನೂದಷ್ಟ ಕೇಳತೈತಿ" ಅಂದ ಅಜ್ಜ. "ಹಾಡು ಕೇಳವಲ್ದು."

ಓಣಿಯಲ್ಲಿ ಖಟ್ ಖಟ್ ಖಟ್. ನೆಲವೇ ನಡುಗುತ್ತಿತ್ತು. ಆ ನಡುಕ ಚಾಪೆಯ ಮೂಲಕ ಅಜ್ಜನ ಎಲುಬಿಗೆ ಏರುತ್ತಿತ್ತು.

ದುಂಡಪ್ಪನಿಗೆ ಮಾಸ್ತರರ ಮಾತು ನೆನಪಾಯಿತು. ಏನ ಅಡ್ಡ ಬಂದ್ರೂ ತೆಗಿ, ಯಾರನ್ನೂ ಕೇಳಬ್ಯಾಡ! ಕೈಯಲ್ಲಿದ್ದುದನ್ನು ಚಾಪೆಯ ಮೇಲಿಟ್ಟ. ಹೊರಗೆ ಓಡಿದ. ಓಣಿಯ ತುದಿಯ ಕರೆಂಟಿನ ಪೆಟ್ಟಿಗೆ ತೆಗೆದ. ದೊಡ್ಡ ಹಿಡಿಕೆ ಹಿಡಿದ. ಕೆಳಗೆಳೆದ.

ಇಡೀ ಓಣಿಯ ಮಗ್ಗಗಳು ಗಪ್ಪೆಂದು ನಿಂತವು!

ನೇಕಾರರು ಹೊರಗೆ ಬಂದರು. "ಯಾವಲೇ ಅವ?" "ಕೈಯಾಗಿನ ಸೀರಿ ಅರ್ಧಕ್ಕ ನಿಂತೈತಿ!" "ದುಂಡ್ಯಾ, ತಲಿ ನೆಟ್ಟಗೈತೇನ?"

ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದಳು. "ಯಣ್ಣಾ, ತಪ್ಪಾತು. ಸಂಗಯ್ಯಜ್ಜ ಹಾಡು ಕೇಳಾಕ ಕುಂತಾನ. ಕಿವಿ ಹೋಗಾಕತ್ತಾವಲ್ಲ, ಅದಕ್ಕ..."

ನೇಕಾರರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದ ನೀಲಕಂಠಪ್ಪನೇ ಹೆಗಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. "ಅಜ್ಜ ಕೇಳ್ಲಿ. ಕೇಳಿ ಮುಗಿಯೂತನಕ ಯಾರೂ ಹಿಡಿಕಿ ಮುಟ್ಟಬ್ಯಾಡ್ರಿ" ಅಂದು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ.

ಕಾಶವ್ವ ಮಗನ ಕಿವಿ ಹಿಡಿದು ಎಳೆದುಕೊಂಡು ಬಂದಳು. "ಮಂದಿ ಕೂಡ ಹಿಂಗ ಮಾಡತಾರೇನೋ? ಯಾರದರ ಕೆಲಸ ಬಿದ್ರ ಅವರು ಇದ್ದಲ್ಲಿ ಹೋಗಬೇಕು. ಮರ್ಯಾದಿಲೆ ಕೈ ಹಿಡಿದು ಕರಕೊಂಡ ಬರಬೇಕು. ಬಂದವರಿಗೆ ಕುಂದರಾಕ ಜಾಗಾ ಕೊಡಬೇಕು. ತಿಳೀತಿಲ್ಲೋ?"

"ಹೂಂ ಯವ್ವಾ."

ಮತ್ತೆ ಹಾಡು ಹಚ್ಚಿದ. ತಿರುಗುಣಿಯನ್ನು ಎಳೆ ಎಳೆಯಾಗಿ ಏರಿಸಿದ. ಓಣಿಯಲ್ಲಿ ಉಸಿರಾಡುವ ಸಪ್ಪಳವೂ ಇಲ್ಲ. ಅಜ್ಜನ ಮುಖ ನೋಡುತ್ತ ಎಲ್ಲರೂ ನಿಂತರು.

ಅಜ್ಜನ ಹುಬ್ಬು ಸಡಿಲವಾಯಿತು. ಕೈ ತಾನಾಗಿ ತಾಳ ಹಾಕತೊಡಗಿತು. ಕಣ್ಣು ಮುಚ್ಚಿದ್ದವು. ಮುಚ್ಚಿದ ಕಣ್ಣಿನಿಂದ ನೀರು ಗಡ್ಡಕ್ಕಿಳಿಯಿತು.

"ಆಹಾ" ಅಂದ ಅಜ್ಜ. "ಯಾರೋ ಇದನ್ನ ಹಾಡಿದವರು? ತಮದು ಅಂತ ಏನೂ ಇಟಗೊಂಡಿಲ್ಲಲ್ಲೋ, ಎಲ್ಲಾ ಶಿವನ ಪಾದಕ್ಕ ಹಾಕಿಬಿಟ್ಟಾರ! ದುಂಡಪ್ಪಾ, ಹಾಡಿದವರನ್ನ ಕರಕೊಂಡ ಬಾರಪಾ. ಒಮ್ಮೆ ಕಣ್ತುಂಬ ನೋಡತೀನಿ."

ಕಾಶವ್ವ ಕಣ್ಣೊರೆಸಿಕೊಂಡಳು. ತನ್ನ ಹಾಡಿನಲ್ಲಿ ಅಜ್ಜನಿಗೆ 'ನಾನು' ಅನ್ನುವುದೇ ಕಾಣಲಿಲ್ಲ, ಹಾಡಿದವರು ಬೇರೆ ಯಾರೋ ಅನಿಸಿದೆ ಅಂತ ಎಲ್ಲರಿಗೂ ತಿಳಿಯಿತು.

ದುಂಡಪ್ಪನಿಗೂ ತಿಳಿಯಿತು. ಹಾಡಿದವರನ್ನು ಕರಕೊಂಡು ಬರಬೇಕು. ಹಾಡಿದವರು ಯಾರು? ಸಂಗಯ್ಯಜ್ಜ. ಎಲ್ಲಿದ್ದಾರೆ? ಇಲ್ಲೇ!

ಒಂದು ಕೈಯಲ್ಲಿ ಮೊಬೈಲೂ ಆಂಪ್ಲಿಫೈರೂ ಹಿಡಿದ. ಇನ್ನೊಂದು ಕೈಯಿಂದ ಅಜ್ಜನ ಕೈ ಹಿಡಿದ, ಮರ್ಯಾದೆಯಿಂದ. ಎಬ್ಬಿಸಿದ. ಎಲ್ಲಿಗೆ, ಏನು ಅಂತ ಅಜ್ಜ ಕೇಳಲಿಲ್ಲ. ಹಾಡು ಕಿವಿಯಲ್ಲಿತ್ತು, ಕಣ್ಣು ಮುಚ್ಚಿಯೇ ನಡೆದ. ಹೊಸ್ತಿಲು ದಾಟಿಸಿದ. ಕಟ್ಟೆ ಇಳಿಸಿದ. ಕೂತಿದ್ದ ನೇಕಾರರೆಲ್ಲ ಎದ್ದು ನಿಂತರು. ಅಷ್ಟು ದೂರ ಹೋಗಿ ತಿರುಗಿದ. ಕಟ್ಟೆ ಹತ್ತಿಸಿದ. ಹೊಸ್ತಿಲು ದಾಟಿಸಿದ. ಅದೇ ಚಾಪೆಯ ಮೇಲೆ ತಂದು ಕೂರಿಸಿದ.

ಹೆಡ್‌ಫೋನಿನ ಒಂದು ಬಟ್ಟಲು ಸರಿಸಿ, ಕಿವಿಯಲ್ಲಿ ಜೋರಾಗಿ ಹೇಳಿದ: "ಅಜ್ಜಾ! ಹಾಡಿದವರನ್ನ ಕರಕೊಂಡ ಬಂದೀನ್ರಿ!"

ಅಜ್ಜ ಕಣ್ಣು ತೆರೆದ. ಆ ಕಡೆ ನೋಡಿದ, ಈ ಕಡೆ ನೋಡಿದ. "ಎಲ್ಲದಾರೋ?"

"ಇಲ್ಲೇ, ನೀವು ಕುಂತಲ್ಲೇ ಕುಂದರಿಸೀನ್ರಿ! ನೀವು ಹಿಂಗ ಅಗಲಾಗಿ ಕುಂತ್ರ ಅವರು ಎಲ್ಲಿ ಕುಂದರಬೇಕ್ರಿ? ಒಂಚೂರು ಸರೀರಿ!"

ಕಾಶವ್ವ ಬೈಯಲಿಕ್ಕೆ ಬಾಯಿ ತೆರೆದಳು. ಶಿವನೇ ಅಂದಳು, ಅಲ್ಲಿಗೇ ನಿಂತಳು. ಯಾಕೆಂದರೆ ಸಂಗಯ್ಯಜ್ಜ ಗಡ್ಡ ಅಲ್ಲಾಡುವಂತೆ ನಗುತ್ತ, ಎರಡೂ ಕೈ ಊರಿ, ಚಾಪೆಯ ಒಂದು ಬದಿಗೆ ಸರಿದು ಜಾಗ ಮಾಡಿಕೊಡುತ್ತಿದ್ದ. ಸರಿದು, ಆ ಖಾಲಿ ಜಾಗಕ್ಕೆ ಕೈ ಮುಗಿದ.

ದುಂಡಪ್ಪ ಹೆಡ್‌ಫೋನಿನ ಒಂದು ಬಟ್ಟಲನ್ನು ಅಜ್ಜನ ಕಿವಿಗೆ ಇಟ್ಟ. ಇನ್ನೊಂದನ್ನು ಅಗಲಿಸಿ ಖಾಲಿ ಜಾಗದ ಕಡೆ ಹಿಡಿದ. ಹಿಡಿದುಕೊಂಡೇ ಒಳಗೆ ಕೂಗಿದ:

"ಯವ್ವಾ! ಇವರಿಗೂ ಒಂದ ಕಪ್ ಚಹಾ ಇಡವಾ!"